ಇಂಗ್ಲೆಂಡ್ ಹಳೇ ಊರುಗಳ ಪ್ಯಾಕೇಜ್ ಟೂರು: ಊರುಗಳಿಗೆ 5ಕ್ಕೆ 5, ಪ್ಯಾಕೇಜಿಗೆ 2

ಬೇಸಿಗೆ ರಜಕ್ಕೆ ಚಿಕ್ಕಬಳ್ಳಾಪುರದಿಂದ ನಾವು ಐದು ಜನ, ಅಪ್ಪ ಅಮ್ಮ ನಾನು ನನ್ ಹೆಂಡ್ತಿ 11 ವರ್ಷದ ಮಗ, ಒಂದು ಟ್ರಾವೆಲ್ಸ್ ಪ್ಯಾಕೇಜಲ್ಲಿ ಇಂಗ್ಲೆಂಡ್ ಸುತ್ತಿ ಬಂದ್ವಿ. ಕಂಪನಿ ಹೆಸ್ರು ಬೇಡ ಬಿಡಿ. ವಯಸ್ಸಾದೋರನ್ನ ಕರ್ಕೊಂಡು ಹೋಗೋರಿಗೆ ಗೊತ್ತಿರ್ಲಿ ಅಂತ ಬರೀತಿದೀನಿ.

ಒಂದೇ ದಿನಕ್ಕೆ ವಿಂಡ್ಸರ್, ಸ್ಟೋನ್‌ಹೆಂಜ್, ಬಾತ್ ಮೂರೂ ತುರುಕಿದ್ರು. ಬಾತ್ ಊರಿಗೆ ಸಿಕ್ಕಿದ್ದು ಬರೀ ಒಂದೂವರೆ ಗಂಟೆ, ಅದ್ರಲ್ಲೂ ರೋಮನ್ ಬಾತ್ಸ್ (ರೋಮನ್ನರು ಕಟ್ಟಿಸಿದ ಹಳೇ ಸ್ನಾನದ ಕೊಳ) ಟಿಕೆಟ್ ಪ್ಯಾಕೇಜಲ್ಲಿ ಸೇರಿಲ್ಲ ಅಂತ ಬಾಗ್ಲಲ್ಲಿ ನಿಂತ್ಮೇಲೆ ಹೇಳಿದ್ರು, ಐದು ಜನಕ್ಕೆ ಜೇಬಿಂದ ಕೊಟ್ಟು ಒಳಗೆ ಹೋದ್ವಿ. ಆದ್ರೆ ಏನ್ ಜಾಗ ರೀ ಅದು! ನೆಲದೊಳಗಿಂದ 46 ಡಿಗ್ರಿ ಬಿಸಿನೀರು, ದಿನಕ್ಕೆ 11 ಲಕ್ಷ ಲೀಟರ್‌ಗೂ ಮೇಲೆ ಬರ್ತಾನೇ ಇರತ್ತೆ. ರೋಮನ್ನರ ಕಾಲದಲ್ಲಿ ಮೇಲೆ ಸೂರಿತ್ತಂತೆ, ಈಗಿಲ್ಲ, ಬಿಸಿಲು ಬಿದ್ದು ನೀರೆಲ್ಲ ಹಸಿರು. "ನಮ್ ಭೋಗನಂದೀಶ್ವರನ ಕಲ್ಯಾಣಿ ಇದ್ದಂಗೇ ಐತಲ್ಲೋ, ಪಾಚಿ ಸಮೇತ" ಅಂದ್ಳು ಅಮ್ಮ. ಸ್ನಾನ ಇರ್ಲಿ, ಕೈಯೂ ಅದ್ದಂಗಿಲ್ಲ.

ಅಮ್ಮ ಅಲ್ಲಾಡ್ದೆ ನಿಂತಿದ್ದು ಶಾಪದ ತಗಡುಗಳ ಮುಂದೆ. ಬಟ್ಟೆ, ದುಡ್ಡು ಕಳ್ಕೊಂಡೋರು ಕದ್ದೋನಿಗೆ ಶಾಪ ಹಾಕು ಅಂತ ಸೀಸದ ತಗಡಲ್ಲಿ ಬರ್ದು ಸುಲಿಸ್ ಮಿನರ್ವ ದೇವಿಯ ಬುಗ್ಗೆಗೆ ಎಸೀತಿದ್ರಂತೆ, ಸುಮಾರು 130 ಸಿಕ್ಕಿವೆ. "ನಾವು ದೇವ್ರ ಮುಂದೆ ಮಣ್ಣು ತೂರ್ತೀವಿ, ಇವ್ರು ಓದ್ದೋರು, ಬರ್ದು ಹಾಕವ್ರೆ" ಅಂತ ನಗ್ತಾ ಇದ್ಳು, ಅಷ್ಟ್ರಲ್ಲಿ ಗೈಡ್ ಬಾವುಟ ಎತ್ತಿ ಬಸ್ಸಿಗೆ ಹೊರಡಿಸಿದ.

ಊಟದ ಬಗ್ಗೆ ಏನ್ ಹೇಳೋದು, ದಿನಾ ಅದೇ ಪನೀರು. ರೂಮಲ್ಲಿ ಕೆಟಲ್ ಇರತ್ತೆ, ಅವಲಕ್ಕಿ ಚಟ್ನಿಪುಡಿ ತಗೊಂಡು ಹೋಗಿ.

ತಮಾಷೆ ಅಂದ್ರೆ ಇಡೀ ಟೂರಲ್ಲಿ ಚೆನ್ನಾಗಿದ್ದಿದ್ದು ಕಂಪನಿಯವ್ರು ಏನೂ ಮಾಡ್ದೆ 'ಫ್ರೀ ಡೇ' ಅಂತ ಬಿಟ್ಟಿದ್ದ ಯಾರ್ಕ್ ದಿನ. ಕೋಟೆ ಗೋಡೆ ಮೇಲೆ ನಡ್ಯೋಕೆ ದುಡ್ಡಿಲ್ಲ, ಸುಮಾರು 3.4 ಕಿಲೋಮೀಟರ್, ಮೆಟ್ಟಿಲಿರೋ ಕಡೆ ಎಲ್ಲಿ ಬೇಕಾದ್ರೂ ಹತ್ತಿ ಇಳೀಬೋದು, ಕೆಲವು ಕಡೆ ಒಳಮಗ್ಗುಲಿಗೆ ಕಂಬಿ ಇಲ್ಲ, ಮಕ್ಕಳ ಕೈ ಬಿಡ್ಬೇಡಿ. ಅಪ್ಪ ಬೋರ್ಡ್ ನೋಡಿ "ಇದೇನಪ್ಪ, ಮಾಂಕ್ ಬಾರ್, ಬೂಥಮ್ ಬಾರ್, ಹೆಜ್ಜೆಗೊಂದು ಬಾರು" ಅಂದ್ರು. ಅಲ್ಲಿ ಬಾರ್ ಅಂದ್ರೆ ಕೋಟೆ ಬಾಗ್ಲು! ಬೀದಿ ಹೆಸರುಗಳ ಕೊನೇಲಿ ಬರೋ 'ಗೇಟ್' ಅಂದ್ರೆ ಬೀದಿ ಅಂತ, ಸಮುದ್ರ ದಾಟಿ ದಂಡೆತ್ತಿ ಬಂದಿದ್ದ ವೈಕಿಂಗರ ಕಾಲದ ಮಾತು.

ಮಧ್ಯಾಹ್ನ ರೈಲ್ವೆ ಮ್ಯೂಸಿಯಂ, ಅದೂ ಫ್ರೀ. 1938ರಲ್ಲಿ ಗಂಟೆಗೆ 126 ಮೈಲಿ ಓಡಿದ ಮಲ್ಲಾರ್ಡ್ ಅನ್ನೋ ಉಗಿ ಎಂಜಿನ್ ಅಲ್ಲೇ ಇದೆ, ಉಗಿ ಎಂಜಿನ್‌ಗಳಲ್ಲಿ ಆ ರೆಕಾರ್ಡು ಇನ್ನೂ ಯಾವುದೂ ಮುರಿದಿಲ್ಲ. ಮಗ ಅದರ ಮುಂದಿಂದ ಕದಲ್ಲಿಲ್ಲ. ಅಪ್ಪ ಅವ್ನನ್ನ ಪಕ್ಕಕ್ಕೆ ಕೂರಿಸ್ಕೊಂಡು ನಮ್ಮೂರಿಂದ ಕೋಲಾರದ ಕಡೆ ಓಡ್ತಿದ್ದ ನ್ಯಾರೋಗೇಜ್ ಪುಟ್ಟ ರೈಲಿನ ಕಥೆ ಶುರು ಮಾಡಿದ್ರು, ಮುಗಿಯೋವಷ್ಟ್ರಲ್ಲಿ ಟೀ ಎರಡು ರೌಂಡ್ ಆಗಿತ್ತು.

ಇನ್ನೊಂದ್ಸಲ ಹೋದ್ರೆ ಪ್ಯಾಕೇಜ್ ಬೇಡ. ಲಂಡನ್ನಿಂದ ಯಾರ್ಕ್‌ಗೆ ನೇರ ರೈಲಲ್ಲಿ ಸುಮಾರು ಎರಡು ಗಂಟೆ, ಬಾತ್‌ಗೆ ಒಂದೂವರೆ. ಮಕ್ಕಳಿದ್ರೆ 'ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡ್' ಅನ್ನೋ ರಿಯಾಯ್ತಿ ಕಾರ್ಡ್ ಮಾಡಿಸ್ಕೊಳ್ಳಿ, ದೊಡ್ಡೋರ ಟಿಕೆಟಲ್ಲಿ ಮೂರನೇ ಒಂದು ಭಾಗ ಉಳಿಯತ್ತೆ, ಮಕ್ಕಳದ್ರಲ್ಲಿ 60 ಪರ್ಸೆಂಟ್. ಅಮ್ಮ ಈಗ್ಲೂ ಕೇಳ್ತಾಳೆ, ಆ ತಗಡುಗಳನ್ನ ಇನ್ನೊಂದ್ ಹತ್ತು ನಿಮಿಷ ನೋಡೋಕೆ ಬಿಟ್ಟಿದ್ರೆ ಬಸ್ಸಿನೋನ ಗಂಟೇನ್ ಹೋಗ್ತಿತ್ತು ಅಂತ.