ಬೈಪ್ಯಾಪ್ ಜೊತೆ ಆಕ್ಸಿಜನ್ ಕಾನ್ಸೆಂಟ್ರೇಟರ್: ಮುಂಬೈ ಪಕ್ಕದ ಡೊಂಬಿವಲಿ ಮನೆಯ ಅನುಭವ

ಅಪ್ಪನಿಗೆ ಸಿಒಪಿಡಿ, ಅಂದರೆ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ರಾತ್ರಿ ಬೈಪ್ಯಾಪ್ (ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಮಷಿನ್) ಹಾಕಬೇಕು, ಜೊತೆಗೆ ಆಕ್ಸಿಜನ್ನೂ ಬೇಕು. ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಕೋಣೆಯ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ, ನಿಮಿಷಕ್ಕೆ 5 ಲೀಟರಿನ ಕಾನ್ಸೆಂಟ್ರೇಟರ್ ತಂದೆವು. ಮಷಿನ್ ಮೇಲೆ ದೂರಿಲ್ಲ. ಸಿಟ್ಟೆಲ್ಲ ಮಾರಿದವರ ಮೇಲೆ.

ಅಂಗಡಿಯ ಹುಡುಗ ಬಂದ, ಪ್ಲಗ್ ಹಾಕಿದ, ಮೂಗಿನ ನಳಿಕೆ ಕೊಟ್ಟ, ಸಹಿ ಹಾಕಿಸಿಕೊಂಡು ಹೊರಟ. ಬೈಪ್ಯಾಪ್‌ಗೆ ಆಕ್ಸಿಜನ್ ಎಲ್ಲಿ ಸೇರಿಸೋದು ಅಂದರೆ "ಡಾಕ್ಟರನ್ನ ಕೇಳಿ" ಅಂದ. ಬೇಕಾಗಿದ್ದು ಬೆರಳುದ್ದದ ಪ್ಲಾಸ್ಟಿಕ್ ಕನೆಕ್ಟರ್, ಅಷ್ಟೇ. ಬೈಪ್ಯಾಪ್‌ನಿಂದ ಗಾಳಿ ಹೊರಬರುವ ಬಾಯಿಗೂ ದಪ್ಪ ಪೈಪಿಗೂ ನಡುವೆ ಅದು ಕೂರುತ್ತದೆ, ಪಕ್ಕದ ಸಣ್ಣ ಮೂತಿಗೆ ಆಕ್ಸಿಜನ್ ನಳಿಕೆ. ಅದಕ್ಕಾಗಿ ಥಾಣೆ ಊರಿನ ತನಕ ಅಲೆದೆ. ಮಷಿನ್ ಮಾರಿದ ಅಂಗಡಿಯವರು ಆಮೇಲೆ ಬ್ಯಾಟರಿಯ ಪೋರ್ಟಬಲ್ ಕಾನ್ಸೆಂಟ್ರೇಟರ್ ಬೇರೆ ತಗೊಳ್ಳಿ ಅಂತ ಒತ್ತಾಯ ಮಾಡಿದರು. ಅದರಲ್ಲಿದ್ದದ್ದು ಪಲ್ಸ್ ಮಾತ್ರ, ಉಸಿರು ಎಳೆದಾಗಷ್ಟೇ ಆಕ್ಸಿಜನ್ ಬಿಡುತ್ತದೆ. ಬೈಪ್ಯಾಪ್ ಗಾಳಿಯ ರಭಸದಲ್ಲಿ ಅದಕ್ಕೆ ಉಸಿರು ಸರಿಯಾಗಿ ಗೊತ್ತಾಗುವುದಿಲ್ಲ. ಬೈಪ್ಯಾಪ್‌ಗೆ ಬಿಡದೆ ಹರಿಯುವ ಆಕ್ಸಿಜನ್ನೇ ಬೇಕು.

ಇನ್ನೊಂದನ್ನೂ ಯಾರೂ ಹೇಳಿರಲಿಲ್ಲ. ಹಗಲು ಮೂಗಿನ ನಳಿಕೆಯಲ್ಲಿ 2 ಲೀಟರಿಗೆ ಆಕ್ಸಿಮೀಟರ್ (ರಕ್ತದ ಆಕ್ಸಿಜನ್ ಮಟ್ಟವನ್ನು ಶೇಕಡಾದಲ್ಲಿ ತೋರಿಸುವ, ಬೆರಳಿಗೆ ಹಾಕುವ ಸಾಧನ) 91 ತೋರಿಸುತ್ತಿತ್ತು. ರಾತ್ರಿ ಅದೇ 2 ಲೀಟರಿಗೆ 86. ಮನೆಯೆಲ್ಲ ಗಾಬರಿ. ವಿಷಯ ಏನಂದರೆ, ಬೈಪ್ಯಾಪ್ ನಿಮಿಷಕ್ಕೆ ಹತ್ತಾರು ಲೀಟರ್ ಗಾಳಿ ತಳ್ಳುತ್ತದೆ, ಅದರಲ್ಲಿ ಈ 2 ಲೀಟರ್ ತೆಳುವಾಗಿಬಿಡುತ್ತದೆ. ಮಾಸ್ಕ್ ಸೋರಿದರಂತೂ ಕೇಳೋದೇ ಬೇಡ. ಅಪ್ಪ ಹಲ್ಲುಸೆಟ್ ತೆಗೆದಿಟ್ಟು ಮಲಗುತ್ತಾರೆ. ಕೆನ್ನೆ ಒಳಗೆ ಹೋಗಿ ಬಾಯಿಯ ಪಕ್ಕದಿಂದ ಸುಯ್ ಅಂತ ಗಾಳಿ ಹೋಗುತ್ತಿತ್ತು. ಡಾಕ್ಟರ್ ಆಕ್ಸಿಜನ್ ಮುಟ್ಟಲೇ ಇಲ್ಲ, ಮೊದಲು ಚಿಕ್ಕ ಸೈಜಿನ ಮಾಸ್ಕ್ ಕೊಟ್ಟರು. 89ಕ್ಕೆ ಬಂತು. ಅಪ್ಪನಿಗೆ 88ರಿಂದ 92 ಇದ್ದರೆ ಸಾಕಂತೆ. 97 ಬರಲಿ ಅಂತ ನಾವೇ ಗುಂಡಿ ತಿರುಗಿಸಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಬಹುದು.

ಅಲ್ಲಿಂದ ಈ ಮಷಿನ್ ಮನೆಯವರಂತೆ ಹೊಂದಿಕೊಂಡಿದೆ. ರಾತ್ರಿಯ ಕೆಲಸವೆಲ್ಲ ಅಮ್ಮನದು. ಮೊದಲು ಬೈಪ್ಯಾಪ್ ಆನ್, ಆಮೇಲೆ ಆಕ್ಸಿಜನ್. ಬೆಳಿಗ್ಗೆ ಮೊದಲು ಆಕ್ಸಿಜನ್ ಆಫ್, ಆಮೇಲೆ ಬೈಪ್ಯಾಪ್. ಇಲ್ಲದಿದ್ದರೆ ಆಕ್ಸಿಜನ್ ಬೈಪ್ಯಾಪ್ ಒಳಗೆ ತುಂಬಿಕೊಂಡು ಬೆಂಕಿಯ ಅಪಾಯ. ದೇವರ ದೀಪ, ಊದುಬತ್ತಿ ಎಲ್ಲ ಆ ಕೋಣೆಯಿಂದ ಅಡುಗೆಮನೆಗೆ ಬಂದಿವೆ. ಭಾನುವಾರ ಫಿಲ್ಟರ್ ತೊಳೆಯುತ್ತಾರೆ. ಮಳೆಗಾಲದಲ್ಲಿ ಇಲ್ಲಿ ಏನೂ ಒಣಗಲ್ಲ, ಅದಕ್ಕೇ ಇನ್ನೊಂದು ಫಿಲ್ಟರ್ ತಂದಿಟ್ಟಿದ್ದೇವೆ. ಪೈಪಿನಲ್ಲಿ ನೀರು ಕಟ್ಟುತ್ತಿತ್ತು. ಅಮ್ಮ ಹಳೇ ಕಾಟನ್ ಸೀರೆ ಹರಿದು ಪೈಪಿಗೆ ಕವರ್ ಹೊಲಿದರು, ಬೈಪ್ಯಾಪನ್ನು ಮಂಚಕ್ಕಿಂತ ಕೆಳಗಿಟ್ಟರು. ಈಗ ಗುಳುಗುಳು ಸದ್ದಿಲ್ಲ.

ಕಾನ್ಸೆಂಟ್ರೇಟರ್ ಸದ್ದು ಮಾತ್ರ ಜಾಸ್ತಿನೇ. ಉದ್ದದ ನಳಿಕೆ ಹಾಕಿ ಅದನ್ನು ಹಾಲ್‌ನಲ್ಲಿಟ್ಟಿದ್ದೇವೆ. ರಾತ್ರಿಗೆ ಮೂರು ಯೂನಿಟ್ ಹತ್ತಿರ ಕರೆಂಟ್ ಎಳೆಯುತ್ತದೆ, ನಮ್ಮಂಥವರಿಗೆ ಬಿಲ್ ತಟ್ಟುತ್ತದೆ. ನಮ್ಮ ಇನ್ವರ್ಟರ್ ಇದನ್ನು ತಡೆಯಲ್ಲ, ಕರೆಂಟ್ ಹೋದರೆ ಅಂತ ಸಿಲಿಂಡರ್ ಒಂದು ಇರಲೇಬೇಕು.

ಕೊಳ್ಳಬಹುದು, ಧೈರ್ಯವಾಗಿ. ಆದರೆ ನಿಮ್ಮದೇ ಬೈಪ್ಯಾಪ್‌ಗೆ ಜೋಡಿಸಿ, ಮಾಸ್ಕ್ ಹಾಕಿಸಿ, ಆಕ್ಸಿಮೀಟರ್ ನೋಡಿದ ಮೇಲೆಯೇ ದುಡ್ಡು ಕೊಡಿ.