ನೆಹೆಮೀಯನ ಅಧ್ಯಯನ ತರಗತಿ, ಹಾಸನ: ಐದನೇ ಅಧ್ಯಾಯ ಮನೆಯಲ್ಲೇ ಓದಿಕೊಂಡು ಹೋಗಿ

ಹಾಸನದ ಸಭೆಯೊಂದು ಭಾನುವಾರ ಸಂಜೆ ನಡೆಸುವ ಆರು ವಾರಗಳ ಸತ್ಯವೇದ ಅಧ್ಯಯನ ಇದು. ವಿಷಯ, ಕಷ್ಟ ಮತ್ತು ವಿರೋಧದ ನಡುವೆ ದೇವರ ಉದ್ದೇಶವನ್ನು ನಂಬುವುದು. ಪಠ್ಯ, ಹಳೆಯ ಒಡಂಬಡಿಕೆಯ ನೆಹೆಮೀಯನ ಪುಸ್ತಕ, ಯೆರೂಸಲೇಮಿನ ಬಿದ್ದ ಗೋಡೆಯನ್ನು ಮತ್ತೆ ಕಟ್ಟಿಸಿದವನ ಕಥೆ. ಶುಲ್ಕವಿಲ್ಲ, ಜೆರಾಕ್ಸ್ ಕೈಪಿಡಿಗೆ ಕಾಣಿಕೆ ಡಬ್ಬಿಗೆ ಕೈಲಾದಷ್ಟು ಹಾಕಿದರಾಯಿತು.

ಮೊದಲ ವಾರವೇ ತರಗತಿಯ ಗಟ್ಟಿತನ ಗೊತ್ತಾಗುತ್ತದೆ. ಯೆರೂಸಲೇಮಿನ ಗೋಡೆ ಬಿದ್ದಿರುವ ಸುದ್ದಿ ಪಾರಸಿಯ ಅರಸನ ಪಾನದಾಯಕನಾಗಿ ಶೂಷನಿನಲ್ಲಿದ್ದ ನೆಹೆಮೀಯನಿಗೆ ತಲುಪಿದ್ದು ಕಿಸ್ಲೇವ್ ತಿಂಗಳಲ್ಲಿ, ಅರಸ ಅರ್ತಷಸ್ತನ ಮುಂದೆ ಬಾಯಿ ಬಿಟ್ಟದ್ದು ನೀಸಾನಿನಲ್ಲಿ. ನಮ್ಮ ಕಡೆಯ ಲೆಕ್ಕದಲ್ಲಿ ಅರೇಬಿಕಾ ಕಾಫಿ ಕೊಯ್ಲಿನಿಂದ ಹೂಮಳೆಯವರೆಗೆ. ಆ ನಾಲ್ಕು ತಿಂಗಳು ಬರೀ ಪ್ರಾರ್ಥನೆಯಲ್ಲಿ ಕಳೆದಿರಲಾರವು ಎಂದು ಬೋಧಕರು ವಚನದಿಂದಲೇ ತೋರಿಸುತ್ತಾರೆ. ಅರಸ ಕೇಳಿದ ಕೂಡಲೇ ಎಷ್ಟು ಕಾಲ ಬೇಕು, ಯಾರಿಗೆ ಪತ್ರ ಬೇಕು, ವನಪಾಲಕ ಆಸಾಫನಿಂದ ಯಾವುದಕ್ಕೆ ಮರ ಬೇಕು, ಎಲ್ಲಕ್ಕೂ ಉತ್ತರ ಸಿದ್ಧವಿತ್ತು. ಪಕ್ಕದಲ್ಲಿ ಎಜ್ರ 8:22 ಇಟ್ಟು ಓದಿಸಿದ್ದು ಇನ್ನೂ ಒಳ್ಳೆಯದಾಯಿತು. ಯೆರೂಸಲೇಮಿಗೆ ಜನರನ್ನು ಕರೆದೊಯ್ದ ಯಾಜಕ ಎಜ್ರ, ದೇವರೇ ಕಾಯುವನೆಂದು ಅರಸನಿಗೆ ಹೇಳಿದ್ದರಿಂದ, ಕಾವಲುಪಡೆ ಕೇಳಲು ನಾಚಿದ. ನೆಹೆಮೀಯ ಅರಸ ಕೊಟ್ಟ ಸವಾರರ ಜೊತೆಯೇ ಬಂದ. ಇಬ್ಬರದೂ ನಂಬಿಕೆಯೇ. ಪೊಲೀಸರಿಗೆ ದೂರು ಕೊಟ್ಟರೆ ನಂಬಿಕೆ ಕಡಿಮೆಯಾಯಿತೇ ಎಂದು ಕೊರಗುವವರಿಗೆ ಇಷ್ಟು ಸಾಕು.

4 ಮತ್ತು 6ನೇ ಅಧ್ಯಾಯಗಳು ತರಗತಿಯ ಜೀವ. ನರಿ ಹತ್ತಿದರೂ ಗೋಡೆ ಬೀಳುತ್ತದೆ ಎಂದು ವಿರೋಧಿ ಟೋಬೀಯ ಗೇಲಿ ಮಾಡಿದಾಗ ಪ್ರಾರ್ಥಿಸಿ ಕೆಲಸ ಮುಂದುವರಿಸಿದರು. ದಾಳಿಯ ಬೆದರಿಕೆ ಬಂದಾಗ ಪ್ರಾರ್ಥನೆಯೂ ಆಯಿತು, ಹಗಲಿರುಳು ಕಾವಲೂ ಆಯಿತು. ವಿರೋಧಿಗಳ ಮುಂದಾಳು ಸನ್ಬಲ್ಲಟ ನೆಹೆಮೀಯನನ್ನು ಓನೋ ಬಯಲಿಗೆ ನಾಲ್ಕು ಸಲ ಕರೆದರೆ ನಾಲ್ಕು ಸಲವೂ ಒಂದೇ ಉತ್ತರ, ಕೆಲಸ ಬಿಟ್ಟು ಬರಲಾರೆ. ಐದನೆಯ ಸಲ ಬಂದ ಬಿಚ್ಚೋಲೆಯಲ್ಲಿದ್ದ (ಮುಚ್ಚದ ಪತ್ರ), ಯೆಹೂದ್ಯರು ದಂಗೆಗೆ ಹೊರಟಿದ್ದಾರೆ ಎಂಬ ಸುಳ್ಳನ್ನು ಒಂದೇ ಮಾತಿನಲ್ಲಿ ಅಲ್ಲಗಳೆದ, ವಾದಕ್ಕೆ ಕೂರಲಿಲ್ಲ. ಗೋಡೆ ಅರ್ಧ ಎತ್ತರ ಬಂದ ಮೇಲೆಯೇ ಹೊರೆಯಾಳುಗಳ ಶಕ್ತಿ ಕುಂದಿ, ಮಣ್ಣುಕಸ ಬೆಟ್ಟದಷ್ಟಿದೆ ಎಂಬ ಗೊಣಗಾಟ ಎದ್ದಿತು. ಅರ್ಧದಲ್ಲಿ ಕೆಲಸ ಬಿಡುವವರು ಆ ವಚನದ ಮೇಲೆ ಸ್ವಲ್ಪ ಹೊತ್ತು ಕೂರಬೇಕು. ಕೈಪಿಡಿಯಲ್ಲಿ ಇದಕ್ಕೆ ಒಂದೇ ಸಾಲು ಕೊಟ್ಟಿದ್ದಾರೆ, ಜಿಪುಣತನ.

ದೊಡ್ಡ ಕೊರತೆ ಐದನೇ ಅಧ್ಯಾಯ ಬಿಟ್ಟಿರುವುದು. ಅಲ್ಲಿ ಸನ್ಬಲ್ಲಟನಿಲ್ಲ. ಹೊಲ, ದ್ರಾಕ್ಷೆತೋಟ, ಮನೆ ಒತ್ತೆಯಿಟ್ಟು, ಮಕ್ಕಳನ್ನು ದಾಸತ್ವಕ್ಕೆ ಕೊಟ್ಟವರು ತಮ್ಮವರಾದ ಯೆಹೂದ್ಯರ ಮೇಲೆಯೇ ಮೊರೆಯಿಡುತ್ತಾರೆ. ನೆಹೆಮೀಯ ಸಿಟ್ಟಾದ, ಯೋಚಿಸಿದ, ಶ್ರೀಮಂತರನ್ನು ಸಭೆಯೆದುರು ನಿಲ್ಲಿಸಿ ಆಸ್ತಿಯನ್ನೂ ನೂರರಲ್ಲೊಂದು ಪಾಲಿನ ಬಡ್ಡಿಯನ್ನೂ ವಾಪಸು ಕೊಡಿಸಿದ. ತಾನೂ 12 ವರ್ಷ ಅಧಿಪತಿಯ ಭತ್ಯ ಮುಟ್ಟಲಿಲ್ಲ. ಇದನ್ನು ಹಾರಿಸಿದರೆ ಆಗುವುದೇನೆಂದರೆ, ಚರ್ಚೆಯ ಹೊತ್ತಿಗೆ ಅತ್ತೆ, ಮ್ಯಾನೇಜರ್, ಪಕ್ಕದ ತೋಟದವರು ಎಲ್ಲರೂ ಸನ್ಬಲ್ಲಟರಾಗುತ್ತಾರೆ. ಅವರ ದೂರಿನಲ್ಲಿ ನ್ಯಾಯವಿದೆಯೇ ಎಂದು ಯಾರೂ ಕೇಳುವುದಿಲ್ಲ.

ಸಾವು, ಕಾಯಿಲೆಯಿಂದ ನೊಂದವರನ್ನು ಇಲ್ಲಿಗೆ ಕರೆತರಬೇಡಿ. ಈ ಗೋಡೆ 52 ದಿನಕ್ಕೆ ಮುಗಿಯಿತು. ಅವರಿಗೆ ಉತ್ತರ ಸಿಗದೆ ಕೂತ ಯೋಬನ ಪುಸ್ತಕ, ಕೀರ್ತನೆ 88 ಹತ್ತಿರವಾದೀತು. ಹಳೆಯ ಭಾಷಾಂತರದ ಜೊತೆ ಸರಳ ಭಾಷಾಂತರವನ್ನೂ ಒಯ್ಯಿರಿ, ಬಾಗಿಲುಗಳ ಹೆಸರು ಬೇರೆಬೇರೆ ಇರುತ್ತವೆ. ಕೊನೆಯ ಹಾಡು ಎಳೆಯುವುದುಂಟು, ಬೇಲೂರು, ಸಕಲೇಶಪುರದ ಬಸ್ಸಿಗೆ ಹೋಗಬೇಕಾದವರು ಬಾಗಿಲ ಹತ್ತಿರ ಕೂತುಕೊಳ್ಳಿ.