ಹಳೇ ಲಕ್ಷುರಿ ಕಾರಿನ ವಾರ್ನಿಂಗ್ ಲೈಟು: ಕೋಡ್ ನೋಡಿ ಪಾರ್ಟ್ ಬದಲಿಸುವವರಿಂದ ದೂರ ಇರಿ

ಸೆಕೆಂಡ್ ಹ್ಯಾಂಡ್ ಲಕ್ಷುರಿ ಕಾರು ಕೊಳ್ಳಬೇಕು ಅಂತಿರುವವರು, ಈಗಾಗಲೇ ಕೊಂಡು ಡ್ಯಾಶ್‌ಬೋರ್ಡ್‌ನ ಹಳದಿ ದೀಪ ನೋಡಿ ತಲೆ ಕೆಡಿಸಿಕೊಂಡಿರುವವರು ಇದನ್ನು ಪೂರ್ತಿ ಓದಿ. ನನ್ನ ಕಾರಿಗೆ ಗ್ಯಾರೇಜಿನವರು ಮೊದಲು ವೀಲ್ ಸ್ಪೀಡ್ ಸೆನ್ಸರ್ ಬದಲಿಸಿದರು. ಆಮೇಲೆ ಸ್ಟೀರಿಂಗ್ ಆ್ಯಂಗಲ್ ಸೆನ್ಸರ್. ಕೊನೆಗೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮಾಡ್ಯೂಲನ್ನೇ, ಅಂದರೆ ಅದರ ಕಂಪ್ಯೂಟರ್ ಪೆಟ್ಟಿಗೆಯನ್ನೇ ಕಿತ್ತು ಬೇರೆ ಹಾಕಿದರು. ಇವುಗಳಲ್ಲಿ ಒಂದೂ ಕೆಟ್ಟಿರಲಿಲ್ಲ. ಕೆಟ್ಟಿದ್ದದ್ದು ಡಿಕ್ಕಿಯ ಮ್ಯಾಟ್ ಕೆಳಗೆ ಕಿಲುಬು ಹಿಡಿದು ಕೂತಿದ್ದ ಅರ್ಥ್ ಪಟ್ಟಿ, ಅಂದರೆ ಬ್ಯಾಟರಿಯ ಮೈನಸ್ಸನ್ನು ಕಾರಿನ ಬಾಡಿಗೆ ಜೋಡಿಸುವ ತಂತಿ. ಅಷ್ಟೇ.

ಕಾರು ಹತ್ತು ವರ್ಷ ದಾಟಿದ, ಟಾಪ್ ಮಾಡೆಲ್ ಸೆಡಾನ್. ಕಂಪನಿ ಹೆಸರು ಬರೆಯುವುದಿಲ್ಲ, ಯಾಕೆಂದರೆ ಇದು ಒಂದು ಕಂಪನಿಯ ಕತೆಯಲ್ಲ. ಈ ವಯಸ್ಸಿನ ಯಾವ ದೊಡ್ಡ ಕಾರಿಗೂ ಇದೇ ಗತಿ ಬರಬಹುದು. ಮಾರುವವರು ತೋರಿಸಿದ ದಿನ ಡ್ಯಾಶ್‌ಬೋರ್ಡ್ ನಿರ್ಮಲವಾಗಿತ್ತು. ಕೀ ತಿರುಗಿಸಿದರೆ ಎಲ್ಲ ದೀಪ ಹತ್ತಿ, ಎಂಜಿನ್ ಸ್ಟಾರ್ಟ್ ಆದ ಮೇಲೆ ಒಂದೊಂದಾಗಿ ಆರಿಹೋದವು. ಓಡಿಸಿ ನೋಡಿದಾಗಲೂ ತಕರಾರಿಲ್ಲ. ಕೆಲವೇ ದಿನಕ್ಕೆ, ಮಳೆ ಬಂದ ಮರುದಿನ ಬೆಳಿಗ್ಗೆ, ಪಾರ್ಕಿಂಗ್‌ನಿಂದ ಹೊರಗೆ ತೆಗೆಯುವಷ್ಟರಲ್ಲಿ ಎಬಿಎಸ್, ಕಾರು ಜಾರದಂತೆ ಹಿಡಿಯುವ ಟ್ರ್ಯಾಕ್ಷನ್, ಸ್ಟೆಬಿಲಿಟಿ ಮೂರೂ ದೀಪ ಒಟ್ಟಿಗೆ ಹತ್ತಿದವು. ಬೆನ್ನಿಗೇ ಗೇರ್‌ಬಾಕ್ಸ್ ಬಗ್ಗೆ ಒಂದು ಮೆಸೇಜು. ಹೈವೇಯಲ್ಲಿ ಸ್ವಲ್ಪ ದೂರ ಓಡಿಸಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಎಲ್ಲ ಮಾಯ.

ಗ್ಯಾರೇಜಿಗೆ ಒಯ್ಯುವ ಮೊದಲು ಸ್ನೇಹಿತನೊಬ್ಬ ತನ್ನ ಪುಟ್ಟ ಸ್ಕ್ಯಾನರ್ ತಂದು ಚುಚ್ಚಿದ. ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್‌ಗಳನ್ನು ಓದಲು ಸ್ಟೀರಿಂಗ್ ಕೆಳಗೆ 16 ಪಿನ್ನಿನ ಓಬಿಡಿ-2 ಸಾಕೆಟ್ ಇರುತ್ತದೆ. ಅಮೆರಿಕದಲ್ಲಿ 1996ರಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ, ಡೀಸೆಲ್‌ಗೆ 2004ರಿಂದ ಕಡ್ಡಾಯವಾದದ್ದು. ಎಂಜಿನ್ ಕೋಡ್ ಒಂದೂ ಇರಲಿಲ್ಲ. ಆದರೆ ಅವನು ಇನ್ನೊಂದು ಪುಟ ತೆರೆದು ತೋರಿಸಿದ: ಕೋಡ್ ಅಳಿಸಿದ ಮೇಲೆ ಕಾರು ಓಡಿದ ದೂರ. ಓಡೋಮೀಟರ್‌ನಿಂದ ಆ ಸಂಖ್ಯೆ ಕಳೆದರೆ ಬಂದ ಉತ್ತರ, ನಾನು ಕಾರು ನೋಡಲು ಹೋದ ದಿನದ ರೀಡಿಂಗ್. ಅಂದರೆ ನಾನು ಬರುವ ಸ್ವಲ್ಪ ಮುಂಚೆ ಯಾರೋ ಎಲ್ಲ ಅಳಿಸಿ ಕೂತಿದ್ದರು. ಮಾರಿದವರಿಗೆ ಫೋನ್ ಮಾಡಿದರೆ "ಸರ್ವೀಸ್‌ಗೆ ಅಂತ ಬ್ಯಾಟರಿ ಕಳಚಿದ್ವಿ, ಅದಕ್ಕೇ ಇರಬೇಕು" ಅಂದರು. ಬ್ಯಾಟರಿ ಕಳಚಿದರೂ ಕೆಲವು ಕಾರುಗಳಲ್ಲಿ ಆ ಲೆಕ್ಕ ಸೊನ್ನೆಯಾಗುವುದು ನಿಜ, ಹಾಗಾಗಿ ವಾದ ಅಲ್ಲಿಗೇ ನಿಂತಿತು.

ಕೊಳ್ಳುವವರಿಗೆ ಇದೇ ಮೊದಲ ಎಚ್ಚರಿಕೆ. ಕೋಡ್ ಇಲ್ಲ ಅನ್ನುವುದು ದೊಡ್ಡ ವಿಷಯವಲ್ಲ. ರೆಡಿನೆಸ್ ಮಾನಿಟರ್ ಅಂತ ಒಂದು ಪುಟ ಯಾವ ಸಾಮಾನ್ಯ ಸ್ಕ್ಯಾನರಿನಲ್ಲೂ ಇರುತ್ತದೆ. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್, ಇಂಧನ ಆವಿಯ ವ್ಯವಸ್ಥೆ ಇವನ್ನೆಲ್ಲ ಎಂಜಿನ್ ಕಂಪ್ಯೂಟರ್ ತಾನೇ ಪರೀಕ್ಷೆ ಮಾಡಿ ಮುಗಿಸಿದೆಯೇ ಎಂದು ಅದು ಹೇಳುತ್ತದೆ. ಕೋಡ್ ಅಳಿಸಿದರೆ ಈ ಪರೀಕ್ಷೆಗಳೂ ಅಳಿಸಿಹೋಗುತ್ತವೆ. ತಣ್ಣಗಿನ ಸ್ಟಾರ್ಟ್, ಊರೊಳಗಿನ ಓಡಾಟ, ಒಂದೇ ವೇಗದ ಹೈವೇ ಓಟ ಎಲ್ಲ ಸೇರಿ ಕೆಲವು ದಿನ ಓಡಿದ ಮೇಲೇ ಅವು ಮತ್ತೆ ಪೂರ್ತಿಯಾಗುವುದು. ದಿನಾ ಓಡುವ ಕಾರು ಅಂತ ಹೇಳಿ, ಮಾನಿಟರ್‌ಗಳೆಲ್ಲ ಅಪೂರ್ಣ ಅಂತ ತೋರಿಸಿದರೆ ಅಡ್ವಾನ್ಸ್ ಕೊಡಬೇಡಿ. ಒಂದು ವಾರ ಓಡಿಸಿ ಆಮೇಲೆ ತೋರಿಸಿ ಅನ್ನಿ. ನಿಜವಾದ ಮಾಲೀಕ ಒಪ್ಪುತ್ತಾನೆ.

ಏರ್‌ಬ್ಯಾಗ್ ದೀಪದ ಆಟ ಇನ್ನೂ ಕೆಟ್ಟದು. ಬಲ್ಬನ್ನೇ ತೆಗೆದವರಿದ್ದಾರೆ, ಅದರ ತಂತಿಯನ್ನು ಆಯಿಲ್ ದೀಪಕ್ಕೋ ಬ್ಯಾಟರಿ ದೀಪಕ್ಕೋ ಜೋಡಿಸಿದವರೂ ಇದ್ದಾರೆ. ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಲೇ ಇಲ್ಲ, ಅಥವಾ ಆಯಿಲ್ ದೀಪ ಆರಿದ ಕ್ಷಣಕ್ಕೇ ಸರಿಯಾಗಿ ತಾನೂ ಆರಿತು ಅಂದರೆ ಸಂಶಯಪಡಿ. ಅದಕ್ಕೆ ತನ್ನದೇ ಕೆಲವು ಸೆಕೆಂಡಿನ ಲೆಕ್ಕ ಇರುತ್ತದೆ.

ಈಗ ಗ್ಯಾರೇಜಿನ ಕತೆ. ಕಂಪನಿಯ ಶೋರೂಮ್ ಅಲ್ಲ, ಆದರೆ ಇಂಥ ಕಾರುಗಳಿಗೇ ಹೆಸರಾದ ಜಾಗ. ದೊಡ್ಡ ಸ್ಕ್ಯಾನರ್ ಹಾಕಿದರು. ಅದು ಸರಿಯೇ, ಪುಟ್ಟ ಸ್ಕ್ಯಾನರ್‌ಗಳು ಹೆಚ್ಚಾಗಿ ಎಂಜಿನ್ ಕೋಡ್ ಮಾತ್ರ ಓದುತ್ತವೆ, ಎಬಿಎಸ್, ಏರ್‌ಬ್ಯಾಗ್, ಸಸ್ಪೆನ್ಷನ್ ಒಳಗೆ ಪೂರ್ತಿ ಇಣುಕಬೇಕಾದರೆ ಬಿಎಂಡಬ್ಲ್ಯುಗೆ ಇಸ್ಟಾ, ಮರ್ಸಿಡಿಸ್‌ಗೆ ಎಕ್ಸೆಂಟ್ರಿ, ಆಡಿಗೆ ಓಡಿಸ್ ಅಥವಾ ವಿಸಿಡಿಎಸ್ ಥರದ ಸಾಫ್ಟ್‌ವೇರ್ ಬೇಕು. ಕೋಡ್‌ಗಳ ಉದ್ದನೆಯ ಪಟ್ಟಿ ಪ್ರಿಂಟ್ ಆಗಿ ಬಂತು. ಸರ್ವೀಸ್ ಅಡ್ವೈಸರ್ ಪಟ್ಟಿಯ ಮಧ್ಯದ ಒಂದು ಸಾಲಿನ ಮೇಲೆ ಬೆರಳಿಟ್ಟು, "ಹಿಂದಿನ ಎಡಗಡೆ ವೀಲ್ ಸೆನ್ಸರ್ ಸಾರ್, ಹಾಕಿದ್ರೆ ಮುಗೀತು" ಅಂದರು. ಹಾಕಿದರು, ಕೋಡ್ ಅಳಿಸಿದರು, ಕಾರು ಕೊಟ್ಟರು. ದೀಪ ವಾಪಸ್ ಬಂತು. ಮತ್ತೊಂದು ಸಾಲು, ಮತ್ತೊಂದು ಪಾರ್ಟು, ಮತ್ತೆ ಅಳಿಸುವುದು. "ಸೆನ್ಸರ್ ಕೆಟ್ಟಿದೆ ಅಂತ ಅಳೆದು ನೋಡಿದ್ರಾ?" ಅಂತ ಕೇಳಿದರೆ, "ಕೋಡೇ ಬಂದಿದೆಯಲ್ಲ ಸಾರ್, ಇನ್ನೇನು ಬೇಕು?" ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ.

ಕೋಡ್ ಹೇಳುವುದು ಇಷ್ಟು: ಈ ಮಾಡ್ಯೂಲಿಗೆ ಈ ಸಿಗ್ನಲ್ ಸರಿ ಕಾಣಲಿಲ್ಲ. ಯಾವ ಪಾರ್ಟ್ ಸತ್ತಿದೆ ಅಂತ ಅದಕ್ಕೆ ಗೊತ್ತಿಲ್ಲ. ಪಿ0171 ಬಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಅಂತ ಅರ್ಥ. ಅದನ್ನು ವರದಿ ಮಾಡಿದ ಆಕ್ಸಿಜನ್ ಸೆನ್ಸರನ್ನೇ ಕಿತ್ತು ಬಿಸಾಡುವವರು ಎಷ್ಟೋ ಜನ. ಹಳೇ ಎಂಜಿನ್‌ನಲ್ಲಿ ಸಾಮಾನ್ಯವಾಗಿ ತಪ್ಪಿತಸ್ಥ ಬಿರುಕು ಬಿಟ್ಟ ಇನ್‌ಟೇಕ್ ಪೈಪು, ಗಟ್ಟಿಯಾದ ಗ್ಯಾಸ್ಕೆಟ್ಟು, ಕೊಳೆಯಾದ ಏರ್ ಫ್ಲೋ ಸೆನ್ಸರ್. ಹೊಗೆ ಬಿಟ್ಟು ನೋಡುವ ಸ್ಮೋಕ್ ಟೆಸ್ಟ್ ಮಾಡಿದರೆ ಪೈಪು ಎಲ್ಲಿ ಸೋರುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಪಿ0420 ಬಂದ ತಕ್ಷಣ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಆರ್ಡರ್ ಮಾಡುವವರೂ ಹೀಗೆಯೇ. ಸೈಲೆನ್ಸರ್ ಪೈಪಿನ ಸೋರಿಕೆಗೂ ಅದೇ ಕೋಡ್ ಬರಬಹುದು. ಕನ್ವರ್ಟರ್ ನಿಜವಾಗಿಯೂ ಸತ್ತಿದ್ದರೂ ಅದನ್ನು ಕೊಂದದ್ದು ಮಿಸ್‌ಫೈರೋ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತದಿರುವುದು) ಆಯಿಲ್ ಸುಡುವ ಎಂಜಿನ್ನೋ ಆಗಿದ್ದರೆ ಹೊಸದನ್ನೂ ಅದೇ ಕೊಲ್ಲುತ್ತದೆ. ಏರ್ ಸಸ್ಪೆನ್ಷನ್ ಇರುವ ಕಾರಿನವರು ಇದನ್ನು ಎರಡು ಸಲ ಓದಿ: ಚಕ್ರದ ಹತ್ತಿರ ಕಾರಿನ ಭಾರ ಹೊರುವ ಸ್ಟ್ರಟ್ ಗಾಳಿ ಸೋರುತ್ತಿದ್ದರೂ ಹಾಗೇ ಬಿಟ್ಟು, ಗಾಳಿ ತುಂಬುವ ಕಂಪ್ರೆಸರ್ ಮಾತ್ರ ಬದಲಿಸಿದರೆ, ಹೊಸ ಕಂಪ್ರೆಸರ್ ಹಗಲೂ ರಾತ್ರಿ ದುಡಿದು ಸುಟ್ಟುಹೋಗುತ್ತದೆ.

ನನ್ನ ವಿಷಯದಲ್ಲಿ ಹೊಟ್ಟೆ ಉರಿಯುವುದು ಏನೆಂದರೆ, ಉತ್ತರ ಅವರ ಮೊದಲ ಪ್ರಿಂಟ್‌ಔಟ್‌ನಲ್ಲೇ ಇತ್ತು. ಎಬಿಎಸ್, ಸ್ಟೀರಿಂಗ್, ಗೇರ್‌ಬಾಕ್ಸ್, ಸೀಟ್, ರೇಡಿಯೋ, ಒಂದಕ್ಕೊಂದು ಸಂಬಂಧವೇ ಇಲ್ಲದ ಮಾಡ್ಯೂಲ್‌ಗಳು ಒಂದೇ ಕಿಲೋಮೀಟರ್ ರೀಡಿಂಗ್‌ನಲ್ಲಿ 'ಸಪ್ಲೈ ವೋಲ್ಟೇಜ್ ಕಡಿಮೆ' ಅಂತ ಬರೆದುಕೊಂಡಿದ್ದವು. ಜತೆಗೆ ಯು ಅಕ್ಷರದಿಂದ ಶುರುವಾಗುವ ಕೋಡ್‌ಗಳು, ಅಂದರೆ ಮಾಡ್ಯೂಲ್‌ಗಳ ನಡುವೆ ಮಾತು ಕಡಿದುಹೋದದ್ದು. ಕೇಳಿದ್ದಕ್ಕೆ "ಅವು ಸುಮ್ನೆ ಬರ್ತಾವೆ ಸಾರ್, ಹಳೇ ಕಾರಲ್ವಾ" ಅಂದರು. ಐದಾರು ಮಾಡ್ಯೂಲ್ ಒಂದೇ ಹೊತ್ತಿಗೆ ಕೆಡುವುದಿಲ್ಲ. ಅಷ್ಟೂ ಒಟ್ಟಿಗೆ ದೂರುತ್ತಿವೆ ಅಂದರೆ ಅವೆಲ್ಲಕ್ಕೂ ಹಂಚಿಕೆಯಾಗಿರುವುದನ್ನು ಮೊದಲು ನೋಡಬೇಕು: ಬ್ಯಾಟರಿ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್, ಅರ್ಥ್, ಆಮೇಲೆ ನೆಟ್‌ವರ್ಕ್ ತಂತಿ. ಬ್ಯಾಟರಿ ಟೆಸ್ಟರ್ ಹಿಡಿದು "ಬ್ಯಾಟರಿ ಗುಡ್" ಅಂತ ಚೀಟಿ ಕೊಟ್ಟಿದ್ದರು. ಚೀಟಿ ಸುಳ್ಳಲ್ಲ, ಬ್ಯಾಟರಿ ಚೆನ್ನಾಗಿಯೇ ಇತ್ತು.

ಎಬಿಎಸ್ ಮಾಡ್ಯೂಲ್ ಬದಲಿಸಿದ್ದು ಇನ್ನೊಂದು ರಾಮಾಯಣ. ಹೊಸದು ದುಬಾರಿ ಅಂತ ಹಳೇ ಕಾರಿನಿಂದ ಬಿಚ್ಚಿದ್ದನ್ನು ತಂದು ಹಾಕಿದರು. ಇಂಥ ಕಾರುಗಳಲ್ಲಿ ಎಷ್ಟೋ ಮಾಡ್ಯೂಲ್‌ಗಳ ಹೊಟ್ಟೆಯಲ್ಲಿ ಮೂಲ ಕಾರಿನ ಚಾಸಿ ನಂಬರ್ ಕೂತಿರುತ್ತದೆ, ಕೋಡಿಂಗ್ ಮಾಡಿ ಹೊಸ ಕಾರಿಗೆ ಹೊಂದಿಸದಿದ್ದರೆ ಉಳಿದ ಮಾಡ್ಯೂಲ್‌ಗಳು ಅದನ್ನು ಒಪ್ಪುವುದಿಲ್ಲ. ಆಡಿಯಲ್ಲಿ ಕಾಂಪೊನೆಂಟ್ ಪ್ರೊಟೆಕ್ಷನ್ ಅಂತಲೇ ಇದೆ. ಅದಿರುವ ಮಾಡ್ಯೂಲನ್ನು ಕಂಪನಿಯ ಸರ್ವರ್‌ಗೆ ಜೋಡಿಸಿ ಬಿಡಿಸಬೇಕು. ನನ್ನ ಕಾರಿನಲ್ಲಿ ಮೊದಲಿದ್ದ ದೀಪಗಳ ಜತೆಗೆ ಹೊಸದೊಂದು ದೀಪ ಸೇರಿಕೊಂಡಿತು. ಇಷ್ಟಾದ ಮೇಲೆ ಅವರ ಸಲಹೆ: ವೈರಿಂಗ್ ಪೂರ್ತಿ ಬದಲಿಸೋಣ.

ಕಾರು ವಾಪಸ್ ತಂದು ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ವಯಸ್ಸಾದವರು, ಮಾತು ಕಮ್ಮಿ. ಸ್ಕ್ಯಾನರ್ ಮುಟ್ಟಲಿಲ್ಲ. "ಸ್ಟಾರ್ಟ್ ಆಗೋವಾಗ ಸ್ವಲ್ಪ ಎಳೆಯುತ್ತಾ?" ಅಂತ ಕೇಳಿದರು. ಹೌದು ಅಂದೆ. ಡಿಕ್ಕಿ ತೆರೆಸಿದರು, ಈ ಕಾರಿಗೆ ಬ್ಯಾಟರಿ ಹಿಂದೆ. ಮಲ್ಟಿಮೀಟರಿನಲ್ಲಿ ಬ್ಯಾಟರಿ 12.6 ವೋಲ್ಟ್ ತೋರಿಸಿತು, ಫುಲ್ ಚಾರ್ಜ್ ಆದ ಬ್ಯಾಟರಿಗೆ ಅದು ಸರಿ. ಆಮೇಲೆ ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಬಾಡಿಯ ಬಣ್ಣವಿಲ್ಲದ ಲೋಹಕ್ಕೆ ಒತ್ತಿ ಹಿಡಿದು ಸ್ಟಾರ್ಟ್ ಮಾಡಲು ಹೇಳಿದರು. ಎರಡೂ ಒಂದೇ ತಂತಿಯ ಎರಡು ತುದಿ, ಮೀಟರ್ ಹೆಚ್ಚುಕಡಿಮೆ ಸೊನ್ನೆಯಲ್ಲೇ ಇರಬೇಕು, ಸ್ಟಾರ್ಟರ್ ಎಳೆಯುವಾಗಲೂ 0.2 ವೋಲ್ಟ್ ದಾಟಬಾರದು ಅನ್ನುವುದು ಅವರ ಲೆಕ್ಕ. ನನ್ನದು 1.4ಕ್ಕೆ ಹಾರಿತು.

ಮ್ಯಾಟ್ ಎತ್ತಿದರು. ಕೆಳಗಿನ ಫೋಮ್ ಒತ್ತಿದರೆ ನೀರು ಒಸರಿತು. ಅರ್ಥ್ ಪಟ್ಟಿ ಬಾಡಿಗೆ ಬೋಲ್ಟ್ ಆಗಿರುವ ಜಾಗದಲ್ಲಿ ತಾಮ್ರ ಹಸಿರಾಗಿ ಪುಡಿ ಉದುರುತ್ತಿತ್ತು, ಬೋಲ್ಟ್ ಕೆಳಗೆ ತುಕ್ಕಿನ ಕಂದು ಉಂಗುರ. ಹೆಚ್ಚು ಕರೆಂಟು ಎಳೆಯುವಾಗಲೆಲ್ಲ ಆ ಜೋಡಣೆಯಲ್ಲೇ ವೋಲ್ಟೇಜ್ ಸೋರಿಹೋಗಿ, ಮಾಡ್ಯೂಲ್‌ಗಳಿಗೆ ಸಿಗುವುದು ಕಡಿಮೆಯಾಗುತ್ತಿತ್ತು. ಕಾರು ಹೊರಟ ತಕ್ಷಣ ಎಬಿಎಸ್ ತನ್ನ ಪಂಪನ್ನು ಒಂದು ಕ್ಷಣ ತಿರುಗಿಸಿ ಪರೀಕ್ಷೆ ಮಾಡಿಕೊಳ್ಳುತ್ತದೆ, ಪಾರ್ಕಿಂಗ್‌ನಿಂದ ತೆಗೆಯುವಾಗಲೇ ದೀಪ ಹತ್ತುತ್ತಿದ್ದುದು ಅದಕ್ಕೆ. ನೀರು ಬಂದದ್ದು ಸನ್‌ರೂಫ್‌ನ ಹಿಂದಿನ ಡ್ರೈನ್ ಪೈಪಿನಿಂದ. ಕಸ ಕಟ್ಟಿಕೊಂಡು, ಜೋಡಣೆ ಬಿಟ್ಟುಕೊಂಡು, ಮಳೆನೀರು ಹೊರಗೆ ಹೋಗುವ ಬದಲು ಡಿಕ್ಕಿಗೆ ಇಳಿಯುತ್ತಿತ್ತು. ಸನ್‌ರೂಫ್ ಇರುವ ಹಳೇ ಕಾರು ಯಾವುದೇ ಇರಲಿ, ಕೊಳ್ಳುವ ಮೊದಲು ಡಿಕ್ಕಿಯ ಮ್ಯಾಟ್, ಮುಂದಿನ ಕಾಲ್ದೆಸೆಯ ಕಾರ್ಪೆಟ್ ಎತ್ತಿ ಕೈಯಿಟ್ಟು ನೋಡಿ. ಲಕ್ಷುರಿ ಕಾರುಗಳಲ್ಲಿ ದುಬಾರಿ ಮಾಡ್ಯೂಲ್‌ಗಳನ್ನು ಎಷ್ಟೋ ಸಲ ಇಟ್ಟಿರುವುದೇ ಅಲ್ಲಿ.

ಪಟ್ಟಿ ಬದಲಿಸಿ, ಲೋಹ ಉಜ್ಜಿ, ಡ್ರೈನ್ ಪೈಪ್ ಸರಿಮಾಡಿ, ಮೂಲ ಎಬಿಎಸ್ ಮಾಡ್ಯೂಲನ್ನು ಗ್ಯಾರೇಜಿನಿಂದ ಜಗಳವಾಡಿ ತಂದು ವಾಪಸ್ ಹಾಕಿಸಿದ ಮೇಲೆ ಮಳೆಗಾಲ ಪೂರ್ತಿ ಕಳೆದಿದೆ. ಒಂದು ದೀಪವೂ ಹತ್ತಿಲ್ಲ.

ಇದನ್ನು ಓದಿ ಕೆಂಪು ದೀಪಕ್ಕೂ "ಅರ್ಥ್ ಇರಬೇಕು ಬಿಡು" ಅಂತ ಓಡಿಸಿಕೊಂಡು ಹೋಗಬೇಡಿ. ಆಯಿಲ್ ಪ್ರೆಷರ್, ಕೂಲಂಟ್ ಬಿಸಿ, ಬ್ರೇಕ್ ಕೆಂಪಾದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಟೋ ಮಾಡಿಸಿ. ಚೆಕ್ ಎಂಜಿನ್ ದೀಪ ಮಿಟುಕುತ್ತಿದ್ದರೆ ಮಿಸ್‌ಫೈರ್ ಆಗಿ ಸುಡದ ಪೆಟ್ರೋಲು ಕನ್ವರ್ಟರ್ ಒಳಗೆ ಉರಿಯುತ್ತಿದೆ ಅಂತ ಅರ್ಥ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಆದಷ್ಟು ಬೇಗ ನಿಲ್ಲಿಸಿ. ಏರ್‌ಬ್ಯಾಗ್ ದೀಪ ಹತ್ತಿತು ಅಂತ ಸೀಟ್ ಕೆಳಗಿನ ಹಳದಿ ಕನೆಕ್ಟರ್‌ಗೆ ಮಲ್ಟಿಮೀಟರ್ ಚುಚ್ಚುವ ಸಾಹಸವೂ ಬೇಡ.

ಗ್ಯಾರೇಜಿಗೆ ಕಾರು ಬಿಡುವ ಮೊದಲು ನೀವೇ ಎಲ್ಲ ಮಾಡ್ಯೂಲ್‌ಗಳ ಪೂರ್ತಿ ಪ್ರಿಂಟ್‌ಔಟ್ ತೆಗೆಸಿ ಇಟ್ಟುಕೊಳ್ಳಿ, ಅಳಿಸುವುದಕ್ಕೆ ಮುಂಚೆ. ಯಾವ ಹೊತ್ತಿಗೆ, ಯಾವ ಹವೆಯಲ್ಲಿ, ಯಾವ ವೇಗದಲ್ಲಿ ದೀಪ ಹತ್ತುತ್ತದೆ ಅಂತ ಬರೆದು ಕೊಡಿ. ವೀಲ್ ಸೆನ್ಸರ್ ಅಂದರೆ ಓಡುವ ಕಾರಿನಲ್ಲಿ ನಾಲ್ಕೂ ಚಕ್ರದ ವೇಗ ಸ್ಕ್ರೀನ್ ಮೇಲೆ ತೋರಿಸಿ ಅನ್ನಿ. ಕೆಟ್ಟ ಸೆನ್ಸರ್ ಆದರೆ ಒಂದು ಸಂಖ್ಯೆ ಉಳಿದ ಮೂರರಿಂದ ಬೇರೆಯಾಗಿ ಕಾಣಬೇಕು. ಯಾವುದನ್ನು ಅಳೆದು ಈ ತೀರ್ಮಾನಕ್ಕೆ ಬಂದಿರಿ ಅಂತ ಜಾಬ್ ಕಾರ್ಡ್ ಮೇಲೆ ಬರೆಸಿ. ತೆಗೆದ ಹಳೇ ಪಾರ್ಟ್‌ಗಳನ್ನು ವಾಪಸ್ ಕೊಡಬೇಕು ಅಂತಲೂ ಅಲ್ಲೇ ಬರೆಸಿ ಸಹಿ ಹಾಕಿಸಿಕೊಳ್ಳಿ. ನಾನು ಕೊನೆಗೆ ಲೆಕ್ಕ ಕೇಳಲು ಹೋದಾಗ "ಸೆನ್ಸರ್ ಹೇಗೂ ಹಳೇದಾಗಿತ್ತು ಸಾರ್, ಬದಲಿಸಿದ್ದು ಒಳ್ಳೇದೇ ಆಯ್ತು" ಅಂದರು. ಹಳೆಯದನ್ನು ಕೊಡಿ, ಅಳೆದು ನೋಡುತ್ತೇನೆ ಅಂದೆ. ಗುಜರಿಗೆ ಹೋಯಿತಂತೆ.